ಅರ್ಥಕ್ಕೆ ಹೋಗಬೇಡ

"ಪುಸ್ತಕ ಮುಚ್ಚು. ಈಗ ಹೇಳು, ಏನು ಓದಿದೆ?"

ಮೇಡಂ ಕೇಳಿದ್ದು ಇಷ್ಟೇ. ಅವಳು ಆಗಷ್ಟೇ ಒಂದು ಇಡೀ ಪುಟವನ್ನು ಎಲ್ಲೂ ತಡವರಿಸದೆ, ನೀರು ಕುಡಿದಷ್ಟು ಸಲೀಸಾಗಿ ಓದಿ ಮುಗಿಸಿದ್ದಳು. ತರಗತಿಯಲ್ಲಿ ಅವಳ ಹಾಗೆ ಓದುವವರು ಇನ್ನೊಬ್ಬರಿರಲಿಲ್ಲ. ಆದರೆ ಪುಸ್ತಕ ಮುಚ್ಚಿದ್ದೇ ತಡ, ತಲೆ ಒರೆಸಿದ ಹಲಗೆಯಾಯಿತು. ನದಿಯ ಬಗ್ಗೆ ಏನೋ ಇತ್ತು. ಅಥವಾ ಸೇತುವೆಯ ಬಗ್ಗೆ.

"ಕೆಳಗಡೆ ಒಂದು ಸಾಲು ಎರಡು ಸಲ ಅಚ್ಚಾಗಿದೆ ಮೇಡಂ," ಅಂದಳು ಕೊನೆಗೆ.

ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ "ಟೇಪ್‌ರೆಕಾರ್ಡರ್!" ಎಂದು ಕೂಗಿದರು. ಅದು ಅವಳಿಗೆ ಕಾಲೇಜು ಇಟ್ಟ ಹೆಸರು. ಮೇಡಂ ಮಾತ್ರ ನಗದೆ ಪುಸ್ತಕ ತೆರೆದು ನೋಡಿದರು. ಸಾಲು ನಿಜಕ್ಕೂ ಎರಡು ಸಲ ಇತ್ತು. "ಕ್ಲಾಸ್ ಮುಗಿದ ಮೇಲೆ ನನ್ನ ರೂಮಿಗೆ ಬಾ," ಅಂದರು.

ಅವಳು ಹೆದರಿದ್ದು ಆ ನಗುವಿಗಲ್ಲ, ಪರೀಕ್ಷೆಗೆ. ಆ ಕೋರ್ಸಿನಲ್ಲಿ ಓದಿ ಹೇಳುವ ಪರೀಕ್ಷೆ ಅಂತ ಒಂದಿತ್ತು. ಹಿಂದೆಂದೂ ಕಾಣದ ಒಂದು ಹಾಳೆ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ವಾಪಸು ಕಿತ್ತುಕೊಳ್ಳುತ್ತಾರೆ. ಬರೆದವನು ಏನು ಹೇಳಿದ, ಅದಕ್ಕೆ ನೀನೇನು ಹೇಳುತ್ತೀ ಎಂದು ಪರೀಕ್ಷಕರು ಕೇಳುತ್ತಾರೆ. ಅವಳು ಒಂದು ಸಲ ಅದರಲ್ಲಿ ಫೇಲಾಗಿದ್ದಳು. ಇನ್ನೊಂದು ಸಲ ಫೇಲಾದರೆ ಕೋರ್ಸಿನಿಂದ ಹೆಸರು ಹೊಡೆದುಹಾಕುತ್ತಿದ್ದರು.

"ಯಾರು ಕಲಿಸಿದ್ದು ನಿಂಗೆ ಹೀಗೆ ಓದೋದು?" ರೂಮಿನಲ್ಲಿ ಮೇಡಂ ಕೇಳಿದರು.

"ನಮ್ಮಪ್ಪ."

ಅಪ್ಪ ಪುಸ್ತಕಗಳ ಕರಡು ತಿದ್ದುವವರು. ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಲೇಖಕ ಬರೆದ ಮೂಲಪ್ರತಿ ಒಬ್ಬರ ಕೈಯಲ್ಲಿರಬೇಕು, ಪ್ರೆಸ್ಸಿನಿಂದ ಬಂದ ಕರಡು ಇನ್ನೊಬ್ಬರ ಮುಂದಿರಬೇಕು. ಮೂಲಪ್ರತಿ ಹಿಡಿದವರು ಗಟ್ಟಿಯಾಗಿ ಓದುತ್ತಾ ಹೋದರೆ ಇನ್ನೊಬ್ಬರು ಕರಡಿನ ಸಾಲು ಸಾಲನ್ನೂ ಅದಕ್ಕೆ ಹೋಲಿಸಿ ತಪ್ಪು ಹಿಡಿಯಬೇಕು. ಓದುವ ಕೆಲಸ ಅವಳಿಗೆ ಅಕ್ಷರ ಕೂಡಿಸಲು ಬಂದ ವರ್ಷವೇ ಬಂದಿತ್ತು. "ಅವನು ಎದ್ದ ಕಾಮಾ ನಡೆದ ಫುಲ್‌ಸ್ಟಾಪ್ ಹೊಸ ಪ್ಯಾರಾ" ಎಂದು ಒಂದೇ ರಾಗದಲ್ಲಿ ಹೇಳುತ್ತಾ ಕಾದಂಬರಿ, ಕಾನೂನು, ಹೃದಯದ ಕಾಯಿಲೆ, ಜೇನು ಸಾಕಣೆ ಎಲ್ಲವನ್ನೂ ಅವಳ ನಾಲಿಗೆ ದಾಟಿತ್ತು. ಅಪ್ಪ ಕಲಿಸಿದ ನಿಯಮ ಒಂದೇ: "ಅರ್ಥಕ್ಕೆ ಹೋಗಬೇಡ ಪುಟ್ಟಿ. ಅರ್ಥದ ಹಿಂದೆ ಹೋದ್ರೆ ಕಣ್ಣು ಮೋಸ ಮಾಡುತ್ತೆ. ಇಲ್ಲದೇ ಇರೋ ಪದಾನೂ ಇದೆ ಅನ್ಸುತ್ತೆ." ಈ ಕೆಲಸದಲ್ಲಿ ಅದು ನಿಜವೇ. ಅಪ್ಪನ ಕೈ ದಾಟಿದ ಪುಸ್ತಕದಲ್ಲಿ ತಪ್ಪು ಹುಡುಕುವುದು ಆಗದ ಕೆಲಸ ಎಂದು ಪ್ರಕಾಶಕರು ಹೇಳುತ್ತಿದ್ದರು. ಅವಳಮ್ಮ ಮಾತ್ರ ನಗುತ್ತಿದ್ದಳು. "ಅಪ್ಪ ಮಗಳು ಸೇರಿ ಪುಸ್ತಕ ಓದಲ್ಲ, ಬಟ್ಟೆ ಅಳೆದ ಹಾಗೆ ಅಳೀತಾರೆ!"

ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ಒಂದು ಹಳೆಯ ಪತ್ರಿಕೆಯನ್ನು ಅವಳ ಮುಂದಿಟ್ಟರು. "ಮೊದಲು ತಲೆಬರಹ ನೋಡು. ಇವನು ಏನು ಹೇಳಬಹುದು ಅಂತ ನೀನೇ ಊಹೆ ಮಾಡು. ತಪ್ಪಾದ್ರೂ ಪರವಾಗಿಲ್ಲ. ಒಂದು ಪ್ಯಾರಾ ಓದು, ಅಂಗೈಯಿಂದ ಮುಚ್ಚು. ಪಕ್ಕದ ಮನೆಯವಳಿಗೆ ಹೇಳೋ ಹಾಗೆ ನಂಗೆ ಹೇಳು."

"ಹೇಳಕ್ಕೆ ಬರದಿದ್ರೆ?"

"ವಾಪಸು ಹೋಗು. ಎಲ್ಲಿ ಕೈಬಿಟ್ಟು ಹೋಯ್ತೋ ಅಲ್ಲಿಂದ."

ವಾಪಸು ಹೋಗುವುದು! ಅಪ್ಪನ ಮೇಜಿನ ಮುಂದೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಮೊದಮೊದಲು ಒಂದು ಪುಟಕ್ಕೆ ಅರ್ಧ ಮಧ್ಯಾಹ್ನ ಹಿಡಿಯಿತು. ಪ್ಯಾರಾ ಮುಚ್ಚಿದರೆ ಬಾಯಲ್ಲಿ ಕಾಮಾಗಳೇ ಉಳಿಯುತ್ತಿದ್ದವು. ಅತ್ತು ಎದ್ದು ಹೋದದ್ದೂ ಉಂಟು. ಮೇಡಂ ಸಮಾಧಾನ ಮಾಡುವ ಜಾತಿಯವರಲ್ಲ. ಮರುದಿನ ಅದೇ ಪುಟವನ್ನೇ ಮತ್ತೆ ಮುಂದಿಡುತ್ತಿದ್ದರು. ಆಮೇಲೊಂದು ದಿನ ಉಪ್ಪಿನ ವ್ಯಾಪಾರದ ಬಗ್ಗೆ ಓದುತ್ತಿದ್ದವಳು ಇದ್ದಕ್ಕಿದ್ದಂತೆ ತಲೆಯೆತ್ತಿ, "ಇವನು ಮೇಲೆ ಒಂದು ಹೇಳಿ ಕೆಳಗೆ ಇನ್ನೊಂದು ಹೇಳ್ತಿದಾನಲ್ಲ ಮೇಡಂ!" ಎಂದು ಜಗಳಕ್ಕೆ ನಿಂತಳು. ಅವತ್ತು ಮೇಡಂ ಟೀ ತರಿಸಿದರು.

ಮನೆಯಲ್ಲಿ ಬೇರೆಯದೇ ಪೀಕಲಾಟ ಶುರುವಾಯಿತು. ಅರ್ಥ ಅನ್ನುವುದು ಒಮ್ಮೆ ಒಳಗೆ ಕಾಲಿಟ್ಟರೆ ಹೊರಗೆ ಹೋಗು ಅಂದರೆ ಹೋಗುವುದಿಲ್ಲ. ಆಗ ಅಪ್ಪನ ಮೇಜಿನ ಮೇಲೆ ಒಂದು ಕಾದಂಬರಿಯ ಕರಡಿತ್ತು, ಮುನಿಸಿಕೊಂಡ ಅಕ್ಕತಂಗಿಯರ ಕಥೆ. ಅವಳು ಓದುತ್ತಾ ಓದುತ್ತಾ ತಂಗಿ ಅತ್ತಲ್ಲಿ ನಿಧಾನವಾದಳು, ಅಕ್ಕ ಬೈದಲ್ಲಿ ದನಿ ಏರಿಸಿದಳು.

"ನಾಟಕ ಬೇಡ," ಅಪ್ಪ ಗದರಿದರು. "ಕಾಮಾ ಬಿಟ್ಟೆ ನೋಡು."

"ಸಾರಿ ಅಪ್ಪ."

"ಆ ಕಾಲೇಜು ನಿನ್ನ ಓದನ್ನ ಕೆಡಿಸ್ತಾ ಇದೆ." ಆಮೇಲೆ ದನಿ ತಗ್ಗಿಸಿ, ಪ್ರೀತಿಯಿಂದಲೇ ಅಂದರು: "ಪರೀಕ್ಷೆ ಆಗದಿದ್ರೆ ತಲೆ ಕೆಡಿಸ್ಕೋಬೇಡ. ಈ ಮೇಜು ಎಲ್ಲೂ ಹೋಗಲ್ಲ."

ಆ ಮಾತಿನಲ್ಲಿ ಜೀವಮಾನವಿಡೀ ಒಂದೇ ರಾಗದಲ್ಲಿ ಫುಲ್‌ಸ್ಟಾಪ್ ಹೇಳುತ್ತಾ ಕೂತ ತನ್ನನ್ನು ಅವಳು ಸ್ಪಷ್ಟವಾಗಿ ಕಂಡಳು.

ಪರೀಕ್ಷೆಯ ಬೆಳಿಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಪ್ರಕಾಶಕರ ಫೋನು ಬಂತು. ಅವರ ಕೂಗು ಬಾಗಿಲವರೆಗೂ ಕೇಳುತ್ತಿತ್ತು. ಕಾದಂಬರಿ ಅಚ್ಚಾಗಿ ಬಂದಿತ್ತು, ಒಂದು ಸಾಲು ಹಾರಿಹೋಗಿತ್ತು. "ಬಾಗಿಲ ಹೊರಗೆ ನಿಂತಿದ್ದ ತಂಗಿ ಮುಂದಿನ ಸಾಲಿಗೆ ಒಳಗೆ ಕೂತಿದಾಳಲ್ರೀ! ಗೋಡೆ ತೂರಿಕೊಂಡು ಬಂದ್ಳಾ ಅಂತ ಲೇಖಕರು ಕೇಳ್ತಿದಾರೆ!"

ಅಪ್ಪ ಫೋನಿಟ್ಟರು. ಮುಖ ಕಪ್ಪಿಟ್ಟಿತ್ತು. ಇಷ್ಟು ವರ್ಷಗಳಲ್ಲಿ ಅವರಿಗೆ ಯಾರೂ ಹೀಗೆ ಅಂದಿರಲಿಲ್ಲ.

"ಅಪ್ಪ, ನಾನು..."

"ನೀನು ಹೋಗಿ ಬಾ. ಬಂದ್ಮೇಲೆ ಮಾತಾಡೋಣ."

ದಾರಿಯುದ್ದಕ್ಕೂ ಅವಳಿಗೆ ಅದೇ ಕೊರೆತ. ಸಾಲು ಹಾರಿಸಿದ್ದು ತಾನೇ. ಇನ್ಯಾರು? ಕಥೆಯ ಹಿಂದೆ ಓಡಿದವಳು ತಾನು, ಅಪ್ಪನ ಹೆಸರಿಗೆ ಮಸಿ ಬಳಿದವಳು ತಾನು. ಪರೀಕ್ಷೆಯ ಕೋಣೆಯಲ್ಲಿ ಹಾಳೆ ಕೈಗೆ ಬಂದಾಗ ಭಯಕ್ಕೆ ಅವಳು ಹಳೆಯ ದಾರಿಯನ್ನೇ ಹಿಡಿದಳು. ಒಂದೇ ಉಸಿರಿಗೆ, ಒಂದೇ ರಾಗಕ್ಕೆ, ಮೇಲಿನಿಂದ ಕೆಳಗಿನವರೆಗೆ. ಮುಗಿದಾಗ ಹಾಳೆಯಲ್ಲಿ ತಪ್ಪಿಲ್ಲ ಎಂಬುದೊಂದು ಗೊತ್ತಿತ್ತು, ಬೇರೇನೂ ಗೊತ್ತಿರಲಿಲ್ಲ. ಪರೀಕ್ಷಕರು ಗಡಿಯಾರ ನೋಡಿದರು.

ಅವಳು ಅಂಗೈಯನ್ನು ಹಾಳೆಯ ಮೇಲೆ ಒತ್ತಿದಳು. ವಾಪಸು ಹೋಗು. ತಲೆಬರಹ: ಬೀದಿದೀಪಗಳು. ಏನು ಹೇಳಬಹುದು ಇವನು? ದೀಪ ಬಂತು, ಕಳ್ಳತನ ನಿಂತಿತು ಅನ್ನಬಹುದು. ಓದಿದಳು. ಇಲ್ಲ, ಇವನು ಹಾಗನ್ನುತ್ತಿಲ್ಲ. ಯಾಕೆ? ಇನ್ನೊಂದು ಪ್ಯಾರಾ. ಕೊನೆಯ ಪ್ಯಾರಾ ಉಳಿದಿರುವಾಗಲೇ ಪರೀಕ್ಷಕರು ಹಾಳೆಯನ್ನು ಅವಳ ಕೈಯಿಂದ ಎಳೆದುಕೊಂಡರು.

"ಹೇಳಮ್ಮ."

"ಸರ್, ಕೊನೇದು ಸರಿಯಾಗಿ ನೋಡಕ್ಕಾಗ್ಲಿಲ್ಲ," ಅಂದಳು. "ದೀಪ ಬಂದ್ಮೇಲೆ ಕಳ್ಳರು ಕಡಿಮೆ ಆದ್ರು ಅಂತ ಎಲ್ರೂ ಹೇಳ್ತಾರೆ. ಇವರು ಒಪ್ಪಲ್ಲ. ಕಳ್ಳರು ದೀಪ ಇಲ್ಲದಿರೋ ಪಕ್ಕದ ಬೀದಿಗೆ ಹೋದ್ರು ಅಷ್ಟೇ ಅಂತಾರೆ. ಬಡವರ ಬೀದಿಗೆ."

"ನೀನು ಒಪ್ತೀಯಾ?"

"ಅರ್ಧ ಒಪ್ತೀನಿ. ಹಾಗಂತ ದೀಪಾನ ಬೈದ್ರೆ ಏನು ಬಂತು ಸರ್? ಆ ಬೀದಿಗೂ ಒಂದು ಹಾಕ್ಬೇಕು."

ಪರೀಕ್ಷಕರು ನಕ್ಕರು. ಆಮೇಲೆ ಇನ್ನೂ ಏನೇನೋ ಕೇಳಿದರು. ಅವಳು ಹೇಳುತ್ತಾ ಹೋದಳು. ಸಾಯಂಕಾಲದ ಹೊತ್ತಿಗೆ ಮೇಡಂ ಹೊರಗೆ ಬಂದು "ಪಾಸು, ಮನೆಗೆ ಹೋಗು" ಅಂದರು. ಖುಷಿಗೆ ಕುಣಿಯಬೇಕಿತ್ತು. ಕಾಲು ಮಾತ್ರ ಮನೆಯ ಕಡೆಗೆ ಏಳಲೊಲ್ಲದು.

ಅಪ್ಪ ಮೇಜಿನ ಹತ್ತಿರವೇ ಇದ್ದರು. ಮುಂದೆ ಮೂಲಪ್ರತಿ, ತಾವು ತಿದ್ದಿದ ಕರಡು, ಅಚ್ಚಾದ ಪುಸ್ತಕ. ಅವಳು ಪಾಸಾದದ್ದನ್ನು ಹೇಳಲಿಲ್ಲ.

"ತಪ್ಪಾಯ್ತು ಅಪ್ಪ. ನಾನೇ ಆ ಸಾಲು ಹಾರಿಸಿದೆ ಅನ್ಸುತ್ತೆ."

"ಯಾವ ಸಾಲು ಅಂತ ಗೊತ್ತಾ?"

ಗೊತ್ತಿತ್ತು. ಹೇಳಲು ಬಾಯಿ ತೆರೆದಾಗಲೇ ಆ ಸಾಲು ಇಡಿಯಾಗಿ ನೆನಪಿಗೆ ಬಂತು. "ತುಂಬಾ ಹೊತ್ತಿನ ಮೇಲೆ ಅಕ್ಕ ಚಿಲಕ ತೆಗೆದಳು," ಅಂದಳು. ಅಂದ ಮೇಲೆ ತಾನೇ ಬೆರಗಾದಳು.

"ಓದಿದ್ದೆ ನೀನು," ಅಪ್ಪ ಅಂದರು. "ನಂಗೂ ಚೆನ್ನಾಗಿ ನೆನಪಿದೆ. ಕರಡಲ್ಲಿ ಅದು ಇರ್ಲಿಲ್ಲ. ಹಿಡೀಬೇಕಾಗಿದ್ದು ನಾನು."

"ನೀವು ಹೇಗಪ್ಪ..."

ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ.

"ಕೇಳ್ತಾ ಕೂತ್‌ಬಿಟ್ಟೆ ಕಣೆ," ಅಂದರು. "ಅವಳು ಬಾಗಿಲು ತೆಗೀತಾಳೋ ಇಲ್ವೋ ಅಂತ."

ಒಳಗೆ ಅಮ್ಮ ಪಾತ್ರೆ ಎತ್ತಿಡುವ ಸದ್ದು ಕೇಳುತ್ತಿತ್ತು.

"ಅದಾದ್ಮೇಲೆ ನಾನು ಮತ್ತೆ ಕಾಮಾ ನೋಡಕ್ಕೆ ಶುರು ಮಾಡ್ದೆ," ಅಪ್ಪ ತಪ್ಪು ಮಾಡಿದವರಂತೆ ಸಣ್ಣ ದನಿಯಲ್ಲಿ ಅಂದರು. "ಆಮೇಲೆ ಅಕ್ಕ ಮಾತಾಡಿಸಿದ್ಲಾ?"

ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಮೂಲಪ್ರತಿ ಅಪ್ಪನ ಕಡೆಯೇ ಇತ್ತು. ಅವಳಿಗೆ ಅದು ಬೇಕಾಗಲಿಲ್ಲ. "ತಕ್ಷಣ ಮಾತಾಡಿಸಲಿಲ್ಲ," ಎಂದು ಶುರುಮಾಡಿದಳು. ಅಪ್ಪ ಕನ್ನಡಕವನ್ನು ಮತ್ತೆ ಹಾಕಿಕೊಂಡು ಅವಳ ಮುಖವನ್ನೇ ನೋಡುತ್ತಾ ಕೂತರು.