ಆಚೆ ದಡದ ಏಡಿಗಳು

ನಾನು ಮದುವೆಯಾಗಿ ಬೂದಿಕೋಟೆ ಹತ್ತಿರದ ಈ ಊರಿಗೆ ಬಂದಾಗ ಕೆರೆಕೋಡಿ ಕೆಳಗಿನ ಜೌಗಿನಲ್ಲಿ ಏಡಿ ಹಿಡಿಯುತ್ತಿದ್ದದ್ದು ನಾಲ್ಕೇ ಮನೆಯವರು. ಈಗ ಊರೂ ಬೆಳೆದಿದೆ, ಪಕ್ಕದಲ್ಲಿ ಲೇಔಟೂ ಎದ್ದಿದೆ. ಶನಿವಾರ ಸಂಜೆ ಮೂವತ್ತು ಜನ ಬಕೆಟ್ಟು ಹಿಡಿದು ಇಳಿಯುತ್ತಾರೆ. ಬಿಲದೊಳಗೆ ಕೈ ಹಾಕಿ ಕಾಯುವವರಿಲ್ಲ, ಗುದ್ದಲಿಯಲ್ಲಿ ಅಗೆಯುತ್ತಾರೆ. ನಾನೂ ಅಗೆದೆ. ಡೈರಿಗೆ ಹಾಲು ಹಾಕಿ, ಕೂಲಿ ಮುಗಿಸಿ ಬಂದವಳಿಗೆ ಎಲ್ಲಿಯ ತಾಳ್ಮೆ?

ಈಗ ನನಗೆ ಸಿಗುವುದು ಬೆಂಕಿಪೊಟ್ಟಣದಷ್ಟು ಏಡಿ. ಎದುರುಮನೆ ಮುನಿನಾರಾಯಣಮ್ಮನಿಗೆ ಅಂಗೈ ಅಗಲದವು! ಅವಳು ಹಿಡಿಯುವುದು ಆಚೆ ದಡದಲ್ಲಿ, ತನ್ನ ಹೊಲದಂಚಿಗೆ. ಅಲ್ಲಿ ಯಾರಿಗೂ ಗುದ್ದಲಿ ಇಳಿಸಲು ಬಿಡಳು. ನನಗಿಂತ ಹದಿನೈದು ವರ್ಷ ದೊಡ್ಡವಳು, ಮೊಣಕಾಲು ನೋವು ಬೇರೆ. ಆದರೂ ಅವಳ ಬಕೆಟ್ಟೇ ತುಂಬಬೇಕು.

ಚಿನ್ನದ ಗಣಿ ಕಡೆಯ ಊರಿಗಾಂ ಕ್ವಾರ್ಟರ್ಸಿನ ಶಶಿರೇಖ ಮೇಡಂ ಪ್ರತಿ ಭಾನುವಾರ ನನ್ನ ಹತ್ತಿರವೇ ಏಡಿ ಕೊಳ್ಳುವವರು. ಕುಂದಾಪುರದ ಕಡೆಯವರು, ಗಂಡನಿಗೆ ಫ್ಯಾಕ್ಟರಿ ಕೆಲಸ. ಹೋದ ವಾರ ಅವರೇ ಅಂದರು, "ಕಲ್ಪನಾ, ಇನ್ನೊಂದ್ಸಲ ಇಷ್ಟು ಸಣ್ಣದು ತಂದ್ರೆ ನಾನು ಪಕ್ಕದ ಮನೆಗೆ ಕೊಡೋ ಮುನಿನಾರಾಯಣಮ್ಮನಿಗೇ ತರ್ಲಿಕ್ಕೆ ಹೇಳ್ತೇನೆ. ಬೇಜಾರಾಗ್ಬೇಡಿ."

ಬೇಜಾರಲ್ಲ, ಹೊಟ್ಟೆ ಉರಿಯಿತು. ಮಗಳು ಪ್ರೇರಣಾಳ ಕಾಲೇಜು ನಡೆಯುತ್ತಿರುವುದೇ ಆ ಕ್ವಾರ್ಟರ್ಸಿನವರು ಏಡಿಗೆ ಕೊಡುವ ದುಡ್ಡಿನಿಂದ.

ಶನಿವಾರ ಜಾಲಿಪೊದೆಯ ಹಿಂದೆ ಕೂತು ಅವಳನ್ನು ನೋಡಿದೆ. ಒಂದು ದಪ್ಪ ಏಡಿ ಎಳೆದಳು. ಮಗುಚಿ ಹೊಟ್ಟೆಯ ಮುಚ್ಚಳ ಎತ್ತಿ ನೋಡಿ, "ಓಗು ತಾಯಿ" ಅಂತ ತಿರುಗಿ ಬಿಲಕ್ಕೇ ಬಿಟ್ಟಳು. ಹಾಗೆ ಏಳು ಬಿಟ್ಟಳು. ಎಲ್ಲಾ ಮರಿ ಹೊತ್ತವು.

ಅವಳು ಮನೆಗೆ ಹೋದ ಮೇಲೆ ಆ ಏಳೂ ಬಿಲಕ್ಕೆ ಕೈ ಹಾಕಿದೆ. ಮರಿ ಇವೆ ಅಂತ ಗೊತ್ತಿತ್ತು. ಗೊತ್ತಿದ್ದೇ ಹಿಡಿದೆ. ಅವಳು ಬೇಡವೆಂದು ಬಿಟ್ಟವೇ ನನ್ನವಕ್ಕಿಂತ ಎರಡರಷ್ಟಿದ್ದವು!

ಭಾನುವಾರ ಶಶಿರೇಖ ಮೇಡಂ ಖುಷಿಯಿಂದ ಒಂದನ್ನು ತಟ್ಟೆಯ ಮೇಲೆ ಮಗುಚಿ ಹೊಟ್ಟೆಯ ಮುಚ್ಚಳ ಎತ್ತಿದರು. ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿಗಳು ತಟ್ಟೆ ತುಂಬ ಹರಿದಾಡಿದವು.

"ಅಯ್ಯೋ ಮಾರಾಯ್ತಿ, ಇದನ್ನ್ಯಾಕೆ ತಂದ್ರಿ?"

"ದೊಡ್ಡದು ಕೇಳಿದ್ರಲ್ಲ ಮೇಡಂ."

"ನಮ್ಮೂರ ಅಳಿವೆಯಲ್ಲೂ ಹೀಗೇ ಆಯ್ತು. ಜನ ಜಾಸ್ತಿ ಆದ್ರು, ಬಲೆ ಜಾಸ್ತಿ ಆಯ್ತು, ಮೊಟ್ಟೆ ಇದ್ದದ್ದನ್ನೂ ಬಿಡ್ಲಿಲ್ಲ. ಈಗ ಸಮುದ್ರದ ಪಕ್ಕ ಇರೋ ನಮ್ಮಮ್ಮನಿಗೆ ನಾನು ಇಲ್ಲಿಂದ ಏಡಿ ಫೋಟೊ ಕಳಿಸ್ಬೇಕು." ಬಕೆಟ್ಟಿಗೆ ಬಗ್ಗಿ ನೋಡಿ ಕೇಳಿದರು, "ಮುನಿನಾರಾಯಣಮ್ಮ ಇಂಥವನ್ನ ಹಿಡೀತಾರಾ?"

ಹಿಡೀತಾಳೆ ಅನ್ನಬಹುದಿತ್ತು. ನಿಜವನ್ನೇ ಹೇಳಿದೆ, "ಬಿಟ್ಬಿಡ್ತಾಳೆ."

"ಹಾಗಾದ್ರೆ ಇನ್ನು ಅವರ ಹತ್ರಾನೇ ತಗೋತೇನೆ."

ಏಡಿಗಳ ಜೊತೆ ಮರಿಗಳನ್ನೂ ಬಕೆಟ್ಟಿಗೆ ಬಳಿದುಕೊಂಡು ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ ಬಂದೆ. ಸಂಜೆ ಜೌಗಿಗೆ ಇಳಿದೆ. ಆಚೆ ದಡಕ್ಕೆ ಮಾತ್ರ ಹೋಗಲಿಲ್ಲ. ನನ್ನ ದಡದ ಬಿಲಗಳಲ್ಲೇ ಏಳನ್ನೂ, ಮರಿಗಳನ್ನೂ ಬಿಟ್ಟೆ.

"ಏನೇ ಕಲ್ಪನಾ, ನನ್ ಕಡೆ ಇಡ್ದು ನಿನ್ ಕಡೆ ಬಿಡ್ತಿದ್ದೀಯಾ?" ಆಚೆಯ ಖಾಲಿ ಬಿಲಗಳ ಹತ್ತಿರದಿಂದ ಮುನಿನಾರಾಯಣಮ್ಮನ ಕೂಗು.

"ಊ ಕಣಕ್ಕ, ಏನೀಗ? ಅದ್ರ ಬೆನ್ನ ಮೇಲೆ ನಿನ್ ಎಸ್ರು ಬರ್ದಿತ್ತಾ?"

ನಕ್ಕಳು. "ಇರ್ಲಿ ಬಿಡು. ಗುದ್ದಲಿ ತರ್ಬೇಡ ಅಷ್ಟೆ."

ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಷ್ಟರಲ್ಲಿ ಲೇಔಟಿನ ಇಬ್ಬರು ಬಕೆಟ್ಟು, ಗುದ್ದಲಿ ಹಿಡಿದು ನನ್ನ ಕಡೆಗೇ ಬಂದರು. ಬಿಲಗಳಿಗೆ ಅಡ್ಡ ನಿಂತೆ. "ಇಲ್ಲೇನಿಲ್ಲ, ಓಗಿ" ಅಂದೆ. ಆಚೆ ದಡಕ್ಕೋಗಿ ಅನ್ನುವ ಮಾತು ನಾಲಿಗೆ ತುದಿಯವರೆಗೂ ಬಂದಿತ್ತು. ನುಂಗಿಕೊಂಡೆ.