ಮೀನಕ್ಕನ ಮಾತು

ಅಕ್ಕ ಆಡಿದ ಮಾತನ್ನು ತಮ್ಮ ಅಳಿಸಿಹಾಕಿದ. ಅವಳ ಮುಖವನ್ನು ಉಳಿಸಿಕೊಂಡ.

ಅದು ಅವನ ಎರಡನೆಯ ಸಿನಿಮಾ. ಬಿಡುಗಡೆಯಾದ ವಾರವೇ ಡಬ್ಬ ಸೇರಿತ್ತು. ಮನೆಯ ಕಥೆ, ಮನೆಯಲ್ಲೇ ಶೂಟಿಂಗ್, ಅಕ್ಕನ ಪಾತ್ರಕ್ಕೆ ಅಕ್ಕನೇ. ಊಟದ ದೃಶ್ಯದಲ್ಲಿ ಅವಳು "ಇನ್ನೊಂಚೂರು ಬಡಿಸಲಾ ಅಪ್ಪ?" ಎನ್ನಬೇಕಿತ್ತು. ತೀರಿಹೋದ ಅಪ್ಪನ ಕೋಟನ್ನೇ ತೊಟ್ಟು ಕೂತಿದ್ದ ನಟನನ್ನು ಕಂಡದ್ದೇ ತಡ, ಹೊಟ್ಟೆಯಲ್ಲಿ ಬಚ್ಚಿಟ್ಟಿದ್ದ ಮಾತೇ ಬಾಯಿಗೆ ಬಂತು. ಮತ್ತೆ ತೆಗೆಯಲು ಫಿಲ್ಮ್ ಇರಲಿಲ್ಲ. ಸಿನಿಮಾದ ಕಥೆಯಲ್ಲಿ ಆ ಮನೆಯ ಮಗ, ಅಂದರೆ ತಮ್ಮನೇ, ಮಹಾ ಜಾಣ. ಆ ಮಾತು ಉಳಿದರೆ ಕಥೆಯೇ ಸುಳ್ಳಾಗುತ್ತಿತ್ತು. ಹಾಗಾಗಿ ತೆರೆಯ ಮೇಲೆ ಅವಳ ತುಟಿ ಅಲ್ಲಾಡುತ್ತದೆ, ದನಿಯಿಲ್ಲ.

'ನಿರ್ದೇಶಕರ ಅಕ್ಕ ಮೀನಿನಂತೆ ಬಾಯಿ ಬಿಡುತ್ತಾರೆ' ಎಂದು ಅಂದು ವಿಮರ್ಶಕನೊಬ್ಬ ಬರೆದ. ಬೀದಿಯವರ ಬಾಯಲ್ಲಿ ಅವಳು ಮೀನಕ್ಕನಾದಳು.

ಈಗ ತಮ್ಮ ದೊಡ್ಡ ಮನುಷ್ಯ. ಹಳೆಯ ಸಿನಿಮಾವನ್ನು ತೊಳೆದು ಒರೆಸಿ ಮತ್ತೆ ತೋರಿಸುತ್ತಿದ್ದಾರೆ. ಅದೇ ವಿಮರ್ಶಕ, ತಲೆ ನೆರೆತ ಮೇಲೆ, 'ಹೆಣ್ಣಿನ ಮೌನಕ್ಕೆ ಸಂದ ಅತಿ ದೊಡ್ಡ ಗೌರವ' ಎಂದು ಬರೆದಿದ್ದಾನೆ. ಬಾಯಿ ಹೊಲಿದವನಿಗೇ ಮೌನದ ಬಿರುದು!

ಚಿತ್ರಮಂದಿರದ ಹಿಂದಿನ ಕೋಣೆಯಲ್ಲಿ ತಮ್ಮ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ಅಕ್ಕಾ, ಆ ದೃಶ್ಯದಲ್ಲಿ ಏನು ಹೇಳ್ತಿದ್ರಿ ಅಂತ ಕೇಳೇ ಕೇಳ್ತಾರೆ. ನೀನು ನಕ್ಕು ಸುಮ್ಮನಿದ್ಬಿಡು."

"ಸುಮ್ಮನಿರೋದನ್ನ ನನಗೇ ಹೇಳಿಕೊಡ್ತೀಯೇನೋ? ಅದರಲ್ಲಿ ನಾನು ಹೆಸರಾದವಳು."

"ತಮಾಷೆ ಬೇಡ. ನನ್ನ ಇಡೀ ಹೆಸರು ಆ ಒಂದು ದೃಶ್ಯದ ಮೇಲೆ ನಿಂತಿದೆ."

"ನನ್ನ ತುಟಿ ಮೇಲೆ ಅನ್ನು."

ವೇದಿಕೆಯಲ್ಲಿ ವಿಮರ್ಶಕ ಬಾಗಿ ಕೇಳಿದ: "ಅಮ್ಮಾ, ಆ ಮೌನದೊಳಗೆ ಏನಿತ್ತು?"

"ಅದನ್ನ ಬಿಡಿಸಿ ಹೇಳಿದ್ರೆ ಕಲೆ ಸತ್ತುಹೋಗುತ್ತೆ ಸಾರ್," ಎಂದ ತಮ್ಮ. ಚಪ್ಪಾಳೆಯೋ ಚಪ್ಪಾಳೆ. ಮೇಜಿನ ಕೆಳಗೆ ಅವನ ಬೂಟು ಅವಳ ಪಾದವನ್ನು ಒತ್ತುತ್ತಿತ್ತು. ಮೀನಕ್ಕ ಕಾಲು ಎಳೆದುಕೊಂಡಳು, ಕೈ ಚಾಚಿ ಮೈಕನ್ನೂ ಎಳೆದುಕೊಂಡಳು.

"ಮೌನ ಎಲ್ಲಿತ್ತು ಸ್ವಾಮಿ? ನಾನು ಮಾತಾಡಿದ್ದೆ. 'ಪರೀಕ್ಷೆ ಪಾಸಾಗಿದ್ದು ನಾನು, ಫೇಲಾಗಿದ್ದು ಇವನು. ಶಾಲೆ ಬಿಡಿಸಿದ್ದು ಮಾತ್ರ ನನ್ನನ್ನ. ಯಾಕಪ್ಪಾ?' ಅಂತ."

ವಿಮರ್ಶಕ ಕನ್ನಡಕ ತೆಗೆದು ಒರೆಸಿದ. "ಇದು ಗೊತ್ತಾಗದೇ ಇದ್ದಿದ್ರೆ ಸಿನಿಮಾ ಇನ್ನೂ ಚೆನ್ನಾಗಿರ್ತಿತ್ತು," ಎಂದ.

"ಸಾಕಕ್ಕ," ತಮ್ಮ ಹಲ್ಲು ಕಚ್ಚಿ ಕೈ ಚಾಚಿದ. "ಮೈಕು ಕೊಡು."

"ಕೊಡಲ್ಲ."