ಅನ್ನಪೂರ್ಣಾ ಬರೆದ ಕೂದಲು

ಮೂಡಲಗಿಯ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಸಮ್ಮೇದನ ಫೋಟೋ ಸ್ಟುಡಿಯೋದಿಂದ ಸತ್ತವರು ಬದುಕಿದ್ದವರಿಗಿಂತ ಚೆನ್ನಾಗಿ ಉಟ್ಟುತೊಟ್ಟು ಹೊರಬೀಳುತ್ತಿದ್ದರು. ಜೀವಮಾನವಿಡೀ ಅಂಗಿಗೆ ಗುಂಡಿ ಹಾಕಿಕೊಳ್ಳದ ಮುದುಕನಿಗೆ ಕರಿ ಕೋಟು, ಹರಕು ಸೀರೆಯಲ್ಲೇ ಕಣ್ಣುಮುಚ್ಚಿದ ಮುದುಕಿಗೆ ಇಳಕಲ್ ಸೀರೆ, ಬೋಳುತಲೆಯವನಿಗೆ ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಇದನ್ನೆಲ್ಲ ಕಂಪ್ಯೂಟರಿನ ಮುಂದೆ ಕೂತು ಮಾಡುತ್ತಿದ್ದವಳು ಕಲ್ಲೋಳಿಯ ಅನ್ನಪೂರ್ಣಾ. ಮೌಸು ಹಿಡಿದು ಕೂದಲನ್ನು ಒಂದೊಂದೇ ಎಳೆಯಾಗಿ ಬರೆಯುತ್ತಿದ್ದಳು. ಮೊದಲು ಬುಡದ ಕಪ್ಪು, ಅದರ ಮೇಲೆ ಕಂದು ಎಳೆ, ಬೆಳಕು ಬೀಳುವ ಕಡೆ ತುಸು ಹೊಳಪು, ಕೊನೆಗೆ ಹಣೆಯ ಅಂಚಿನಲ್ಲಿ ಬಾಚಣಿಕೆಯ ಮಾತು ಕೇಳದ ನಾಲ್ಕು ಪುಂಡ ಕೂದಲು.

“ಆ ನಾಕ ಕೂದಲಾ ಇಲ್ಲಂದ್ರ ತಲಿಗೆ ಟೊಪ್ಪಿಗಿ ಇಟ್ಟಂಗ ಕಾಣತೈತ್ರಿ ಸಮ್ಮೇದಣ್ಣ,” ಎನ್ನುತ್ತಿದ್ದಳು.

ಅವಳು ಬರೆದ ಕೂದಲಿನ ಮುಂದೆ ಖರೆ ಕೂದಲೇ ಸುಳ್ಳು ಕಾಣುತ್ತದೆ ಎಂದು ಸುತ್ತಲಿನ ಹಳ್ಳಿಗಳಲ್ಲಿ ಮಾತಾಗಿತ್ತು. ಹುಡುಗಿ ಆ ಮಾತಿಗೆ ಉಬ್ಬುತ್ತಿದ್ದಳು. ಉಬ್ಬಲಿ ಬಿಡಿ, ಅವಳಿಗೆ ಉಬ್ಬಲು ಬೇರೆ ಇದ್ದದ್ದಾದರೂ ಏನು?

ಕೊರಳಲ್ಲಿ ತಾಳಿಯಿತ್ತು, ಆದರೆ ಗಂಡನ ಮನೆಯ ಹೊಸ್ತಿಲು ಅವಳು ತುಳಿದಿರಲಿಲ್ಲ. ಕೆಲವು ವರ್ಷದ ಹಿಂದೆ ಹುಕ್ಕೇರಿಯ ಬಾಡಿಗೆ ಮನೆಯಲ್ಲಿ ಅವಳ ಅಪ್ಪ ಹಾಸಿಗೆ ಹಿಡಿದಿದ್ದ. ಕಣ್ಣು ಮುಚ್ಚುವುದರೊಳಗೆ ಮಗಳ ಲಗ್ನ ನೋಡಬೇಕು ಎಂದು ಹಟ. ಮಸಗುಪ್ಪಿಯ ಭೀಮಶಿಯ ಜೊತೆ ಮಾತು ಆಗಲೇ ಆಗಿತ್ತು. ಭೀಮಶಿಯ ತಾಯಿ ಸಾತವ್ವ ಗೋಕಾಕಕ್ಕೆ ಹೋಗಿ ಹಸಿರು ರೇಷ್ಮೆ ಸೀರೆ ತಂದಳು, ತಾಳಿಯನ್ನೂ ಮಾಡಿಸಿ ತಂದಳು. ಅಪ್ಪನ ಮಂಚದ ಮುಂದೆಯೇ ಅಕ್ಕಿಕಾಳು ಬಿದ್ದವು. ಊಟಕ್ಕೆ ಹತ್ತು ಎಲೆಯೂ ಆಗಲಿಲ್ಲ, ಉಂಡವರೆಲ್ಲ ಬೀಗರ ಕಡೆಯವರೇ. ಆ ಸೀರೆ, ಆ ತಾಳಿಯಲ್ಲಿ ಅವಳನ್ನು ಭೀಮಶಿಯ ಪಕ್ಕ ನಿಲ್ಲಿಸಿ ಒಂದೇ ಒಂದು ಫೋಟೋ ತೆಗೆಸಿದರು. ಆ ವಾರವೇ ಅಪ್ಪ ಹೋದ. ವರ್ಷ ಕಳೆಯಲಿ, ಆಮೇಲೆ ಸೊಸೆಯನ್ನು ಕರೆದೊಯ್ಯುತ್ತೇವೆ ಎಂದರು ಬೀಗರು. ಒಂದಲ್ಲ, ಮತ್ತೆರಡು ವರ್ಷವೂ ಕಳೆದವು. ಮಂತ್ರ ಹೇಳಿದ ಐನೋರೂ ತೀರಿಕೊಂಡರು. ಬಾಡಿಗೆ ಕಟ್ಟಲಾಗದ ತಾಯಿ ಅಲ್ಲವ್ವ ಮಗಳನ್ನು ಕರೆದುಕೊಂಡು ತನ್ನ ತವರೂರು ಕಲ್ಲೋಳಿಗೆ ಬಂದಳು.

ಅಷ್ಟರಲ್ಲಿ ಸಾತವ್ವನಿಗೆ ನಾಗನೂರಿನಲ್ಲಿ ನೀರಾವರಿ ಹೊಲವಿದ್ದವರ ಹುಡುಗಿ ಕಣ್ಣಿಗೆ ಬಿದ್ದಳು. ಅಲ್ಲವ್ವ ಕೇಳಲು ಹೋದರೆ ಆ ಪುಣ್ಯಾತಗಿತ್ತಿ ಅಂಗಳದಲ್ಲೇ ನಿಲ್ಲಿಸಿ ಅಂದಳು: “ಲಗ್ನಾ? ಯಾವ ಲಗ್ನಾ? ಬರೇ ಮಾತ ಆಗಿತ್ತು. ಮಾತ ಆದದ್ದೆಲ್ಲಾ ಲಗ್ನ ಆಗತೈತೇನು?”

ಅನ್ನಪೂರ್ಣಾ ಅಳುತ್ತ ಕೂಡಲಿಲ್ಲ. ಮಸಗುಪ್ಪಿಯ ಹಿರಿಯರನ್ನು ಕೂಡಿಸಬೇಕೆಂದು ಹೇಳಿಕಳಿಸಿದಳು. ಭೀಮಶಿ ಬೇಕೋ ಬೇಡವೋ ಎನ್ನುವುದು ಆಮೇಲಿನ ಮಾತು. ತಾನು ಲಗ್ನವಾದವಳು ಎಂದು ನಾಲ್ಕು ಜನ ಒಪ್ಪಬೇಕಿತ್ತು. ಒಪ್ಪದಿದ್ದರೆ ಇಷ್ಟು ವರ್ಷ ಕೊರಳಲ್ಲಿ ಹೊತ್ತದ್ದು ಏನು? ತಾಯಿಯ ಸಾಕ್ಷಿಗೆ ಯಾರೂ ಬೆಲೆ ಕೊಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಉಳಿದದ್ದು ಆ ಫೋಟೋ ಒಂದೇ.

ಟ್ರಂಕಿನಿಂದ ಫೋಟೋ ತೆಗೆದರೆ ಹುಳ ತಿಂದಿತ್ತು. ಮುಖಗಳು ನೆಟ್ಟಗಿದ್ದವು, ಅವಳ ತಲೆಯ ಮೇಲೆ, ಸೀರೆಯ ಸೆರಗಿನ ಮೇಲೆ ಬಿಳಿ ಬಿಳಿ ಕಲೆ. ಹಾಗೇ ಒಯ್ದಿದ್ದರೆ ಯಾರ ಅಪ್ಪನ ಗಂಟು ಹೋಗುತ್ತಿತ್ತು? ಆದರೆ ಊರಿಗೆಲ್ಲ ಕೂದಲು ಕೊಟ್ಟವಳು ತಾನು ಬೋಳು ತಲೆಯಲ್ಲಿ ಅತ್ತೆಯ ಊರಿನ ಜನರ ಮುಂದೆ ಹೋಗುವುದೇ? ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿದಳು, ಬೇರೆ ಪ್ರತಿ ಇಟ್ಟುಕೊಳ್ಳದೆ ಅದರ ಮೇಲೆಯೇ ಕೆಲಸ ಶುರುಮಾಡಿದಳು. ತನ್ನ ತಲೆಗೆ ತಾನೇ ಎಳೆ ಎಳೆಯಾಗಿ ಕೂದಲು ಬರೆದಳು, ಸೆರಗಿನ ಜರಿಯನ್ನು ನೂಲು ಎಣಿಸಿದಂತೆ ತುಂಬಿದಳು, ಹಣೆಯ ಅಂಚಿಗೆ ನಾಲ್ಕು ಪುಂಡ ಕೂದಲು ಇಟ್ಟಳು. ಯಾರಿಗೂ ಇಷ್ಟು ಪ್ರೀತಿಯಿಂದ ಮಾಡಿರಲಿಲ್ಲ.

ಹೊಸ ಪ್ರಿಂಟು ಮನೆಗೆ ಬಂದೊಡನೆ ಅಲ್ಲವ್ವ ಹಳೆಯದನ್ನು ಅರಿಸಿಣ ಕುಂಕುಮ ಹಚ್ಚಿ ಹೊಳೆಗೆ ಬಿಟ್ಟು ಬಂದಳು.

“ಹುಳಾ ತಿಂದ ಲಗ್ನದ ಫೋಟೋ ಮನ್ಯಾಗ ಇರಬಾರದವಾ. ದೇವರ ಪಟಾ ಒಡದ್ರ ನೀರಿಗೆ ಬಿಡೂದಿಲ್ಲೇನು, ಹಂಗ.”

ಮಗಳೂ ಹೂಂ ಎಂದಳು. ತಾಯಿ ಮಗಳು ಸೇರಿ ಹೀಗೆ ತಮ್ಮ ಕೈಯಾರೆ ಸಾಕ್ಷಿಯನ್ನು ನೀರಿಗೆ ಬಿಟ್ಟರು.

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ನಡುವೆ ಮಾಲಿಂಗಪ್ಪ, ಊರಿನ ಹಿರೇಮನುಷ್ಯ. ಫೋಟೋ ಕೈಯಿಂದ ಕೈಗೆ ಹೋಯಿತು. ಮಂದಿ ತಲೆ ಹಾಕಿ ನೋಡಿ, ಭೀಮಶಿಯನ್ನು ನೋಡಿ, ಮತ್ತೆ ಫೋಟೋ ನೋಡಿದರು. ಅನ್ನಪೂರ್ಣಾಳಿಗೆ ಗೆದ್ದೆನೆಂದೇ ಅನಿಸಿತು. ಆಗ ಸಾತವ್ವ ಸೆರಗು ಸರಿಮಾಡಿಕೊಂಡು ಎದ್ದಳು.

“ಮಾಲಿಂಗಪ್ಪಣ್ಣ, ನಿಮ್ಮ ಪಡಸಾಲ್ಯಾಗ ನಿಮ್ಮಪ್ಪನ ಫೋಟೋ ಐತೆಲ್ಲ, ಯಾರ ಮಾಡಿದ್ದರಿ?”

“ಈ ತಂಗೀನ ಮಾಡ್ಯಾಳ.”

“ನಿಮ್ಮಪ್ಪ ಎಂದರ ಕೋಟ ಹಾಕ್ಕೊಂಡಿದ್ನೇನ್ರಿ?”

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಲ್ಲಿ ಯಾರ ಮನೆಯಲ್ಲಿ ಅವಳ ಕೈಕೆಲಸ ಗೋಡೆಗೆ ತೂಗುತ್ತಿರಲಿಲ್ಲ? ಒಬ್ಬನ ಅಜ್ಜಿಗೆ ಮೂಗುತಿ, ಇನ್ನೊಬ್ಬನ ಅಣ್ಣನಿಗೆ ದಪ್ಪ ಮೀಸೆ. ಸುಳ್ಳೆಂದು ಗೊತ್ತಿದ್ದೇ ಮಾಡಿಸಿಕೊಂಡು, ಹೂವಿನ ಮಾಲೆ ಹಾಕಿ ಕೈಮುಗಿಯುತ್ತಿದ್ದ ಮಂದಿ ಅದು.

“ಏ ಭೀಮಶಿ, ಮಾರಿ ನಿಂದ ಹೌದಲ್ಲೋ?” ಎಂದ ಮಾಲಿಂಗಪ್ಪ, ಫೋಟೋದಲ್ಲಿನ ಗಂಡಿನ ಮುಖದ ಮೇಲೆ ಬೆರಳಿಟ್ಟು.

ಭೀಮಶಿ ತಾಯಿಯ ಕಡೆ ನೋಡಿದ. “ಮಾರಿ ನಂದ ಐತ್ರಿ. ಆದ್ರ ನಾ ಅಲ್ಲಿ ನಿಂತಿದ್ದಿಲ್ಲ.”

ಆ ಹೇಡಿಯ ನಾಲಿಗೆ ಬಿದ್ದುಹೋಗಲಿಲ್ಲ. ಮಾಲಿಂಗಪ್ಪ ಗುಡಿಯೊಳಗಿಂದ ಭಂಡಾರದ ತಾಟು ತರಿಸಿದ. ಬೀರಪ್ಪನ ಅರಿಸಿಣ ಮುಟ್ಟಿ ಸುಳ್ಳು ಹೇಳಿದವರ ಮನೆ ಉಳಿಯುವುದಿಲ್ಲವೆಂದು ಆ ಕಡೆಯ ನಂಬಿಕೆ.

“ತಂಗಿ, ಈ ಫೋಟೋದಾಗ ನಿನ್ನ ಕೈ ಆಡಿಲ್ಲಂತ ಭಂಡಾರ ಮುಟ್ಟಿ ಆಣಿ ಮಾಡು. ಮುಗೀತು, ನೀ ಆ ಮನಿ ಸೊಸಿ.”

ಅನ್ನಪೂರ್ಣಾ ಕೈ ಮುಂದೆ ಚಾಚಿದಳು. ಬೆರಳು ಅರಿಸಿಣಕ್ಕೆ ತಾಗಲಿಲ್ಲ. “ಹುಳಾ ತಿಂದಿತ್ರಿ ಕಾಕಾ. ಕೂದಲಾ, ಸೆರಗಾ ಅಷ್ಟ ಬರದೇನ್ರಿ. ಮಾರಿ ಮುಟ್ಟಿಲ್ರಿ.”

“ಕೂದಲಾ ಬರದಾಕಿಗೆ ಮಾರಿ ಬರ್ಯಾಕ ಬರೂದಿಲ್ಲೇನು?” ಎಂದಳು ಸಾತವ್ವ. “ಹಳೇದ ಎಲ್ಲೈತಿ? ತೋರಸ್ರಿ ಹಂಗಾರ.”

“ಹೊಳೀಗೆ ಬಿಟ್ಟೇನಿ,” ಎಂದಳು ಅಲ್ಲವ್ವ. ಈ ಸಲ ನಗು ಇನ್ನೂ ಜೋರಾಗಿತ್ತು.

ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ ಹಿರಿಯರು. ಹಾಗೆನ್ನುವ ಹಿರಿಯರೇ ಅಂದು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದರು. ಭೀಮಶಿ ಆಣೆ ಮಾಡಬೇಕೆಂದು ಒಬ್ಬನಿಗೂ ಹೊಳೆಯಲಿಲ್ಲ. ಮಾಲಿಂಗಪ್ಪ ಮೆತ್ತಗೆ, ಮಗಳಿಗೆ ಹೇಳಿದಂತೆ ಹೇಳಿದ: “ಕೊಳ್ಳಾಗಿಂದ ತಗದ ದೇವರ ಮುಂದ ಇಟ್ಟ ಹೋಗವಾ. ನಿನಗೂ ಮುಂದ ಯಾರರ ಸಿಗತಾರ.”

ಅವಳು ಕೊರಳಿನ ತಾಳಿ ತೆಗೆದಿಟ್ಟಳು. ಕೊಂಡಿಗೆ ಸಿಕ್ಕಿದ ಒಂದು ಕೂದಲೂ ಅದರ ಜೊತೆಗೆ ಹೋಯಿತು.

ನಾಗನೂರಿನ ಲಗ್ನ ಜೋರಾಗಿಯೇ ನಡೆಯಿತು. ಅದಾಗಿ ಸ್ವಲ್ಪ ದಿನಕ್ಕೆ ಸಾತವ್ವ ಸ್ಟುಡಿಯೋಕ್ಕೆ ಬಂದಳು. ಆ ಭಾಗದಲ್ಲಿ ಅಂಥ ಕೆಲಸ ಮಾಡುವ ಅಂಗಡಿ ಬೇರೆ ಇರಲಿಲ್ಲ. ಅವಳಿಗೆ ನಾಚಿಕೆ ಎನ್ನುವುದೂ ಇರಲಿಲ್ಲ. ಸಮ್ಮೇದನಿಗೆ ಗಿರಾಕಿ ಎಂದರೆ ಗಿರಾಕಿ; ಕುರ್ಚಿ ಕೊಟ್ಟು, ಫೋಟೋ ಇಸಿದುಕೊಂಡು ಅನ್ನಪೂರ್ಣಾಳ ಮುಂದಿಟ್ಟ. ಭೀಮಶಿಯ ಪಕ್ಕ ಹೊಸ ಸೊಸೆ.

“ಇಕೀ ಕೂದಲಾ ತೆಳ್ಳಗ ಅದಾವ, ಒಂದಿಷ್ಟ ತುಂಬು,” ಎಂದಳು ಸಾತವ್ವ. “ಸೀರೀನೂ ಫೋಟೋದಾಗ ಎದ್ದ ಕಾಣವಲ್ದು. ನಮ್ಮ ಹಸರ ಸೀರಿ ನಿನ್ನ ಕಂಪ್ಯೂಟರದಾಗ ಐತೆಲ್ಲ, ಅದನ್ನ ಉಡಸ. ಖರೆ ಕಂಡಂಗ ಆಗಬೇಕ ನೋಡು.”

ಅನ್ನಪೂರ್ಣಾ ಸಮ್ಮೇದನ ಕಡೆ ನೋಡಿದಳು. ಅವನು ಕ್ಯಾಮೆರಾ ಒರೆಸುತ್ತಿದ್ದ. ಈ ಕೆಲಸವೂ ಹೋದರೆ ಕಲ್ಲೋಳಿಯ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ತನ್ನ ಲಗ್ನದ ಫೋಟೋ ತೆರೆದಳು, ಗದ್ದದ ಕೆಳಗಿನಿಂದ ತನ್ನನ್ನು ಕತ್ತರಿಸಿ ಹೊಸ ಸೊಸೆಯ ಮುಖದ ಕೆಳಗೆ ತಂದು ಕೂಡಿಸಿದಳು. ಸೀರೆ ಹೇಳಿ ಮಾಡಿಸಿದಂತೆ ಕೂತಿತು. ಸೀರೆಯ ಜೊತೆ ಕೊರಳ ತಾಳಿಯೂ ಬಂದಿತ್ತು.

“ತಾಳಿ ಅಳಸ್ಲೇನ್ರಿ?” ಎಂದು ಕೇಳಿದಳು.

ಸಾತವ್ವ ಬಗ್ಗಿ ನೋಡಿದಳು. “ಇರ್ಲಿ ಬಿಡ,” ಎಂದಳು. “ಅದೂ ನಾ ಮಾಡಿಸಿದ್ದ ಐತಿ.”